ತಿದ್ದುವವನ ಅಧಿಕಾರ

ಒಬ್ಬನು ಬರೆದುದನ್ನು ಇನ್ನೊಬ್ಬನು ತಿದ್ದಬಹುದೆ? ತಿದ್ದಬಹುದಾದರೆ ಎಲ್ಲಿಯವರೆಗೆ? ಪತ್ರಿಕಾಲಯಗಳಲ್ಲಿ ಈ ಪ್ರಶ್ನೆಗೆ ಬಿಡುವಿಲ್ಲ. ಕೆಂಪು ಶಾಯಿ ಹೋಗಿ ಗಣಕಯಂತ್ರ ಬಂದಿದ್ದರೂ ಅಲ್ಲಿ ಕತ್ತರಿಯ ಕೆಲಸ ದಿನವೂ ನಡೆದೇ ಇದೆ. ಬರೆದವನಿಗಾದರೋ ಅದು ಅಲ್ಪ ವಿಷಯವಲ್ಲ. ತನ್ನ ಮಾತಿನಲ್ಲಿ ತನ್ನ ಮನಸ್ಸೇ ಇದೆಯೆಂದು ಅವನು ನಂಬಿರುತ್ತಾನೆ. ಆ ಮಾತನ್ನು ಪರರು ಕೊಯ್ದರೆ ನೋಯುತ್ತಾನೆ. ಈ ನೋವನ್ನು ಅಹಂಕಾರವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ.

ಅನುಭವಸ್ಥರಾದ ಪತ್ರಿಕಾಕರ್ತರು ಕಿರಿಯರಿಗೆ ಕೊಡುವ ಉಪದೇಶವು ಎಲ್ಲ ದೇಶಗಳಲ್ಲಿಯೂ ಹೆಚ್ಚುಕಡಮೆ ಒಂದೇ. ವಾಕ್ಯ ಚಿಕ್ಕದಾಗಿರಲಿ, ವಿಶೇಷಣಗಳನ್ನು ಕಡಮೆಮಾಡು, ಹೆಸರನ್ನೂ ಅಂಕಿಯನ್ನೂ ಎರಡು ಸಲ ನೋಡು, ಬರೆದುದನ್ನು ಗಟ್ಟಿಯಾಗಿ ಓದಿಕೊ. ಅರ್ನೆಸ್ಟ್ ಹೆಮಿಂಗ್‌ವೇ 1917ರಲ್ಲಿ, ಹದಿನೆಂಟರ ಹರೆಯದಲ್ಲಿ, ಅಮೆರಿಕದ ಕ್ಯಾನ್ಸಸ್ ಸಿಟಿ ಸ್ಟಾರ್ ಪತ್ರಿಕೆಗೆ ಸೇರಿದಾಗ ಅವನ ಕೈಗೆ ಬಂದ ನಿಯಮಾವಳಿಯೂ ಚಿಕ್ಕ ವಾಕ್ಯದ ಮಾತಿನಿಂದಲೇ ಆರಂಭವಾಗುತ್ತಿತ್ತು. ಇವೆಲ್ಲ ಬರೆವಣಿಗೆಯ ಅಂದಚೆಂದದ ವಿಚಾರವೆಂದು ಬಹುಮಂದಿ ತಿಳಿದಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಇವುಗಳಲ್ಲಿ ಬಹುಪಾಲು ಧರ್ಮಾಧರ್ಮಗಳಿಗೆ ಸೇರಿದವು.

ಒಂದು ನಿದರ್ಶನವನ್ನು ನೋಡೋಣ. 1938ನೆಯ ಏಪ್ರಿಲ್ 25ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ವಿದುರಾಶ್ವತ್ಥದಲ್ಲಿ, ಧ್ವಜಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಪೊಲೀಸಿನವರು ಗುಂಡು ಹಾರಿಸಿದರು. ಇದನ್ನೇ “ವಿದುರಾಶ್ವತ್ಥದಲ್ಲಿ ಗೋಲಿಬಾರು ಆಯಿತು, ಕೆಲವರು ಮೃತರಾದರು” ಎಂದೂ ಬರೆಯಬಹುದು. ವ್ಯಾಕರಣದ ದೋಷ ಏನೂ ಇಲ್ಲ. ಮಳೆಯಾಯಿತು, ಬೆಳಗಾಯಿತು ಎಂಬಂತೆ ಗೋಲಿಬಾರೂ ಆಯಿತು! ಹಾರಿಸಿದ ಕೈ ವಾಕ್ಯದಿಂದ ಮೆಲ್ಲನೆ ಜಾರಿಹೋಯಿತು. ನಮ್ಮ ಭಾಷೆಯಲ್ಲಿ ಕರ್ತೃವನ್ನು ಬಿಟ್ಟು ಮಾತನ್ನು ಮುಗಿಸುವ ಸೌಕರ್ಯ ಬಹಳ. “ಎನ್ನಲಾಗಿದೆ”, “ತಿಳಿದುಬಂದಿದೆ”, “ಕ್ರಮ ಕೈಗೊಳ್ಳಲಾಯಿತು” ಇವೆಲ್ಲ ಅದರ ಸಂತಾನ. ಹೇಳಿದವರಾರು, ತಿಳಿದುದು ಯಾರಿಂದ ಎಂದು ವಾಚಕನು ಕೇಳಲಾರ. ಅವನು ತನ್ನ ಮನೆಯ ಜಗುಲಿಯ ಮೇಲೆ ದೂರದಲ್ಲಿ ಕುಳಿತಿದ್ದಾನೆ. ಅವನ ಪರವಾಗಿ “ಯಾರು?” ಎಂದು ಅಂಚಿನಲ್ಲಿ ಬರೆಯುವವನೇ ಸಂಪಾದಕ. ವಿದುರಾಶ್ವತ್ಥದಲ್ಲಿ ಮಡಿದವರ ಸಂಖ್ಯೆಯ ವಿಷಯದಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಹೊಂದಿಕೆಯಿರಲಿಲ್ಲ. ಅಂತಹ ಕಡೆಗಳಲ್ಲಿ ಅಂಕಿಯ ಪಕ್ಕದಲ್ಲಿ ಅದು ಯಾರ ಲೆಕ್ಕವೆಂದು ಹೇಳದೆ ಬಿಡುವುದು ಒಂದು ಪಕ್ಷವನ್ನು ಹಿಡಿದಂತೆಯೇ ಸರಿ. ಸಂಪಾದಕನ ಅಧಿಕಾರದ ಬುಡವಿರುವುದು ವಾಚಕನ ಆ ಮೌನದಲ್ಲಿ, ಅವನ ಪಾಂಡಿತ್ಯದಲ್ಲಲ್ಲ.

ಜಾರ್ಜ್ ಆರ್ವೆಲ್ 1946ರಲ್ಲಿ ರಾಜಕೀಯವನ್ನೂ ಇಂಗ್ಲಿಷ್ ಭಾಷೆಯನ್ನೂ ಕುರಿತು ಬರೆದ ಪ್ರಬಂಧದಲ್ಲಿ ತೋರಿಸಿದುದೂ ಇದನ್ನೇ. ಹಳ್ಳಿಗಳ ಮೇಲೆ ಬಾಂಬು ಹಾಕಿ, ಗುಡಿಸಲುಗಳನ್ನು ಸುಟ್ಟು, ಅದಕ್ಕೆ ಶಾಂತಿಸ್ಥಾಪನೆಯೆಂಬ ಹೆಸರಿಟ್ಟರೆ ಕೇಳುವವನ ಕಣ್ಣಿಗೆ ಚಿತ್ರವೇ ಕಟ್ಟುವುದಿಲ್ಲ. ಅವನು ಅಲ್ಲಿ ಆರು ನಿಯಮಗಳನ್ನು ಕೊಟ್ಟಿದ್ದಾನೆ. ಮಾತು ಅಸಹ್ಯವಾಗುವುದಾದರೆ ಇವುಗಳಲ್ಲಿ ಯಾವುದನ್ನಾದರೂ ಮುರಿ ಎಂಬುದು ಆರನೆಯದು. ನಿಯಮಗಳ ಭಕ್ತರು ಮರೆಯುವುದು ಇದನ್ನೇ.

ಅದೇ ವರ್ಷದ ಆಗಸ್ಟ್ 31ರ ನ್ಯೂಯಾರ್ಕರ್ ಪತ್ರಿಕೆಯು ಒಂದು ಸಂಚಿಕೆಯನ್ನೆಲ್ಲ ಜಾನ್ ಹರ್ಸಿಯ “ಹಿರೋಷಿಮಾ” ಎಂಬ ಒಂದೇ ವರದಿಗೆ ಮೀಸಲಿಟ್ಟಿತು. ಒಂದು ವರ್ಷದ ಹಿಂದೆ ಅಣುಬಾಂಬಿಗೆ ತುತ್ತಾದ ಆ ನಗರದಲ್ಲಿ ಬದುಕಿ ಉಳಿದ ಆರು ಜನರ ಕಥೆ ಅದು. ಸಂಪಾದಕ ಹೆರಾಲ್ಡ್ ರಾಸ್ ಅದರ ಅಂಚಿನಲ್ಲಿ ಪ್ರಶ್ನೆಗಳ ಮೇಲೆ ಪ್ರಶ್ನೆಗಳನ್ನು ಹಾಕಿದನು. ಅವುಗಳಲ್ಲಿ ಒಂದು ಬೈಸಿಕಲ್ಲುಗಳ ಮಾತು. ಒಂದು ಪಕ್ಕಕ್ಕೆ ಸೊಟ್ಟಗಾದುವು ಎಂಬರ್ಥದ ಪದವನ್ನು ಹರ್ಸಿ ಬಳಸಿದ್ದನು. ದಪ್ಪವೆಂಬುದೇ ಇಲ್ಲದಂತಿರುವ ಬೈಸಿಕಲ್ಲಿಗೆ ಆ ಪದ ಸಲ್ಲುವುದೆ ಎಂದು ರಾಸ್ ಕೇಳಿದನು. ಹರ್ಸಿ ಪದವನ್ನು ಬದಲಿಸಿ, ನಜ್ಜುಗುಜ್ಜಾದುವು ಎಂಬರ್ಥದ ಮಾತನ್ನು ಇಟ್ಟನು.

ಒಂದು ಪಟ್ಟಣವೇ ಉರಿದುಹೋಗಿರುವಾಗ ಬೈಸಿಕಲ್ಲಿನ ವಕ್ರತೆಯನ್ನು ಕುರಿತು ಚರ್ಚೆಯೆ? ಹೃದಯವಿಲ್ಲದ ಕೆಲಸವೆಂದು ಮೊದಲ ನೋಟಕ್ಕೆ ಯಾರಿಗಾದರೂ ಅನ್ನಿಸೀತು. ನಾವು ಯೋಚಿಸಿದಂತೆಲ್ಲ ಬೇರೆಯೇ ತೋರುತ್ತದೆ. ಸತ್ತವರು ಬಂದು ಸಾಕ್ಷಿ ಹೇಳಲಾರರು; ಅವರ ಪರವಾಗಿ ಉಳಿದಿರುವುದು ಈ ಬರಹದ ವಿಶ್ವಾಸಾರ್ಹತೆಯೊಂದೇ. ಬೈಸಿಕಲ್ಲಿನಲ್ಲಿ ಎಡವಿದ ಲೇಖಕನನ್ನು ಸುಟ್ಟ ಚರ್ಮದ ವಿಷಯದಲ್ಲಿ ವಾಚಕನು ನಂಬುವನೆ? ಇನ್ನೊಂದು ಅಂಶ: ರಾಸ್ ತಾನೇ ಹೊಸ ಪದವನ್ನು ತುರುಕಲಿಲ್ಲ, ಕೇಳಿದನು. ಉತ್ತರ ಕೊಟ್ಟವನು ಕಂಡುಬಂದವನೇ. ನಮ್ಮ ಮೊದಲ ಪ್ರಶ್ನೆಗೆ ಬೇಕಾದ ಎಲ್ಲೆ ಇಲ್ಲಿ ಸಿಕ್ಕುತ್ತದೆಯೆಂದು ನಮ್ಮ ಅಭಿಪ್ರಾಯ. ಕಾಣದವನು ಕಂಡವನನ್ನು ಎಷ್ಟು ಬೇಕಾದರೂ ಪ್ರಶ್ನಿಸಬಹುದು. ಅವನ ಬದಲಿಗೆ ತಾನು ಕಾಣಲಾಗದು.

ಕತ್ತರಿಗೂ ಸುಳ್ಳು ಹೇಳಲು ಬರುತ್ತದೆಂಬುದನ್ನು ಸಂಕ್ಷೇಪದ ಉಪಾಸಕರು ಗಮನಿಸುವುದಿಲ್ಲ. “ಬಹುಶಃ” ಎಂಬುದನ್ನು ತೆಗೆದರೆ ಒಂದು ಪದ ಉಳಿಯಿತು, ಒಂದು ಸಂದೇಹ ನಿಶ್ಚಯವಾಯಿತು. “ನೆರೆಮನೆಯವನು ಹೇಳಿದಂತೆ” ಎಂಬುದನ್ನು ತೆಗೆದರೆ ನೆರೆಯವನ ಊಹೆ ಪತ್ರಿಕೆಯ ಸಾಕ್ಷ್ಯವಾಯಿತು. ತಲೆಬರಹದ ಇಕ್ಕಟ್ಟಿನಲ್ಲಂತೂ ಆಪಾದಿತನು ಅಪರಾಧಿಯಾಗಲು ಎರಡು ಅಕ್ಷರದ ಅಭಾವ ಸಾಕು. ಮನುಷ್ಯನ ಮಾನಕ್ಕಿಂತ ಅಂಕಣದ ಅಗಲ ದೊಡ್ಡದಲ್ಲವಷ್ಟೆ.

ಇನ್ನು ಪರರ ಬಾಯಿಂದ ಬಂದ ಮಾತು. ಬೆಳೆ ಒಣಗಿದ ರೈತನೊಬ್ಬನು ತನ್ನ ಸೀಮೆಯ ಕನ್ನಡದಲ್ಲಿ, ನಡುವೆ ತಡೆದು, ಒಂದು ಮಾತನ್ನು ಎರಡು ಸಲ ಹೇಳಿ ಮುಗಿಸುತ್ತಾನೆ. ಅಚ್ಚಿನಲ್ಲಿ ಅವನು “ಅನಾವೃಷ್ಟಿಯಿಂದ ಅಪಾರ ಹಾನಿಯಾಗಿದೆ” ಎಂದು ನುಡಿಯುತ್ತಾನೆ! ಅವನನ್ನು ಸುಶಿಕ್ಷಿತನಂತೆ ತೋರಿಸುವುದು ಗೌರವವೆಂದು ವಾದಿಸುವವರುಂಟು. ಆ ವಾದವನ್ನು ನಾವು ಒಪ್ಪೆವು. ಹಾಗೆಂದು ಅವನ ಉಚ್ಚಾರವನ್ನೆಲ್ಲ ಅಕ್ಷರಕ್ಕಿಳಿಸಿ ಓದುವವರ ನಗೆಗೆ ಒಡ್ಡುವುದೂ ತಕ್ಕುದಲ್ಲ. ಉದ್ಧರಣಚಿಹ್ನೆಯೊಳಗೆ ಇಡುವುದಾದರೆ ಅವನ ಮಾತೇ ಇರಬೇಕು. ನಮ್ಮ ಮಾತಾದರೆ ಚಿಹ್ನೆಯನ್ನು ತೆಗೆದು ನಮ್ಮ ಹೊಣೆಯಲ್ಲಿ ಹೇಳಬೇಕು. ಅರ್ಥ ಸಂದಿಗ್ಧವಾದಲ್ಲಿ ಅವನನ್ನೇ ಇನ್ನೊಮ್ಮೆ ಕೇಳತಕ್ಕದ್ದು. ಅಚ್ಚಿನ ಹೊತ್ತು ಮೀರುತ್ತಿರುವಾಗ ಇದಕ್ಕೆಲ್ಲ ಸಮಯವೆಲ್ಲಿ ಎಂದು ಕೇಳಿದರೆ, ಆ ಒಂದು ಮಾತನ್ನು ಮರುದಿನದ ಸಂಚಿಕೆಗೆ ತಡೆದಿಡಬಹುದು.