ಆಸೆ ನನ್ನದಾ, ಮಾತ್ರೆಯದಾ?

ಪಾರ್ಕಿನ್ಸನ್ ಕಾಯಿಲೆ ಬಂದವರ ಮೆದುಳಿನಲ್ಲಿ ಡೋಪಮೈನ್ ತಯಾರಿಸುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಕೈ ನಡುಗುತ್ತೆ, ಹೆಜ್ಜೆ ಎತ್ತಿಡೋದೇ ಕಷ್ಟವಾಗುತ್ತೆ. ಇದಕ್ಕೆ ಕೊಡುವ ಔಷಧಿಗಳಲ್ಲಿ ಒಂದು ಬಗೆಯವು ಡೋಪಮೈನಿನ ವೇಷ ಹಾಕಿಕೊಂಡು ಅದರ ಕೆಲಸ ಮಾಡುತ್ತವೆ. ಪ್ರಮಿಪೆಕ್ಸೋಲ್, ರೋಪಿನಿರೋಲ್ ಅಂಥವು. ಮೈ ಹಗುರಾಗುತ್ತೆ, ಓಡಾಟ ಸಲೀಸಾಗುತ್ತೆ. ಆದರೆ ಕೆಲವರಲ್ಲಿ ಇನ್ನೇನೋ ಶುರುವಾಗುತ್ತೆ. ಇಸ್ಪೀಟು ಎಲೆ ಕೂಡ ಮುಟ್ಟದಿದ್ದವರು ಜೂಜಿಗೆ ಬೀಳ್ತಾರೆ. ಬೇಡದ ಸಾಮಾನನ್ನೆಲ್ಲ ಕೊಂಡು ಮನೆ ತುಂಬಿಸ್ತಾರೆ.

ಇದು ಅಲ್ಲೊಂದು ಇಲ್ಲೊಂದು ಕತೆಯಲ್ಲ. ಅಮೆರಿಕ ಮತ್ತು ಕೆನಡಾದ 3,090 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಬಗೆಯ ಮಾತ್ರೆ ತಗೊಳ್ತಿದ್ದವರಲ್ಲಿ ನೂರಕ್ಕೆ ಸುಮಾರು 17 ಜನಕ್ಕೆ ಇಂಥ ಹತೋಟಿ ತಪ್ಪಿದ ಚಟ ಕಂಡುಬಂತು. ತಗೊಳ್ಳದವರಲ್ಲಿ ಸುಮಾರು 7. ಮಾತ್ರೆ ಕಮ್ಮಿ ಮಾಡಿದರೆ ಅಥವಾ ನಿಲ್ಲಿಸಿದರೆ ಎಷ್ಟೋ ಜನರ ಚಟವೂ ಇಳಿಯುತ್ತೆ.

ಹಾಗಾದರೆ ಜೂಜಿನಲ್ಲಿ ಹೋದ ದುಡ್ಡಿಗೆ ಹೊಣೆ ಯಾರು? ಮಾತ್ರೆ ಅಂದುಬಿಡೋದು ಸುಲಭ. ಆದರೆ ಕಾರ್ಡ್ ತೆಗೆದದ್ದು ಆ ಮನುಷ್ಯನೇ, ಹೆಂಡತಿಗೆ ಸುಳ್ಳು ಹೇಳಿದ್ದೂ ಅವನೇ. ಯಾರೂ ಕೈ ಹಿಡಿದು ಎಳೆಯಲಿಲ್ಲ. ಅವನಿಗೆ ನಿಜವಾಗಿಯೂ ಆಸೆಯಾಗಿತ್ತು.

ಆಸೆ ಹೇಗೆ ಕಲಿಯುತ್ತೆ ಅಂತ ಸ್ವಲ್ಪ ನೋಡೋಣ. ಡೋಪಮೈನ್ ಅಂದರೆ ಸುಖದ ರಸಾಯನ ಅಂತ ಎಲ್ಲರೂ ಹೇಳ್ತಾರೆ. ಅದು ಪೂರ್ತಿ ಸರಿಯಲ್ಲ. ವೊಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಡುತ್ತಾ ಅವುಗಳ ಡೋಪಮೈನ್ ನರಕೋಶಗಳನ್ನು ಗಮನಿಸಿದರು. ಅನಿರೀಕ್ಷಿತವಾಗಿ ರಸ ಸಿಕ್ಕಿದಾಗ ಆ ಕೋಶಗಳು ಚುರುಕಾದವು. ರಸ ಬರುವ ಮುಂಚೆ ಒಂದು ಸೂಚನೆ ಕೊಡುವುದನ್ನು ರೂಢಿ ಮಾಡಿದ ಮೇಲೆ, ಸೂಚನೆಗೇ ಚುರುಕಾದವು, ರಸಕ್ಕಲ್ಲ. ಸೂಚನೆ ಬಂದೂ ರಸ ಬರದಿದ್ದರೆ? ಸರಿಯಾಗಿ ಆ ಹೊತ್ತಿಗೆ ತಣ್ಣಗಾದವು. ಅಂದರೆ ಡೋಪಮೈನ್ ಹೇಳೋದು ‘ಎಷ್ಟು ಸಿಕ್ಕಿತು’ ಅಂತಲ್ಲ, ‘ಅಂದುಕೊಂಡಿದ್ದಕ್ಕಿಂತ ಹೆಚ್ಚೋ ಕಮ್ಮಿಯೋ’ ಅಂತ. ಹೆಚ್ಚು ಬಂದರೆ, ಅದಕ್ಕೆ ಕಾರಣವಾದದ್ದನ್ನು ನೆನಪಿಟ್ಟುಕೋ, ಮತ್ತೆ ಮಾಡು. ಕಮ್ಮಿ ಬಂದರೆ, ಇನ್ನೊಮ್ಮೆ ಈ ದಾರಿ ಬೇಡ.

ಮಾತ್ರೆ ಕೈಹಾಕುವುದು ಇಲ್ಲೇ. ಪಾರ್ಕಿನ್ಸನ್ ರೋಗಿಗಳು ಔಷಧಿ ತಗೊಂಡಾಗ ಗೆಲುವಿನಿಂದ ಚೆನ್ನಾಗಿ ಕಲಿಯುತ್ತಾರೆ, ತಗೊಳ್ಳದಿದ್ದಾಗ ಸೋಲಿನಿಂದ ಚೆನ್ನಾಗಿ ಕಲಿಯುತ್ತಾರೆ ಅಂತ 2004ರ ಒಂದು ಪ್ರಯೋಗ ತೋರಿಸಿತು. ಸೋತಾಗ ಡೋಪಮೈನ್ ತಣ್ಣಗಾಗಬೇಕು. ಮಾತ್ರೆ ಅದನ್ನು ತಣ್ಣಗಾಗಲು ಬಿಡೋದಿಲ್ಲ ಅನ್ನೋದು ಇದಕ್ಕೆ ಕೊಡುವ ವಿವರಣೆ. ಹತ್ತು ಸಲ ಸೋತರೂ ಪಾಠ ಒಳಗಿಳಿಯಲ್ಲ. ಒಂದು ಸಲ ಗೆದ್ದದ್ದು ಮಾತ್ರ ಅಚ್ಚೊತ್ತಿ ಕೂರುತ್ತೆ.

ಇದನ್ನು ಓದುವಾಗ ಮಾತ್ರೆ ತಗೊಳ್ಳದ ನಮ್ಮವರೂ ನೆನಪಾಗ್ತಾರೆ ಅಲ್ವಾ? 2021–22ರಿಂದ 2023–24ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಎಫ್ ಅಂಡ್ ಓ ವಹಿವಾಟು ಮಾಡಿದ ಬಿಡಿ ಹೂಡಿಕೆದಾರರಲ್ಲಿ ಶೇ. 93ರಷ್ಟು ಜನ ದುಡ್ಡು ಕಳಕೊಂಡರು ಅಂತ ಸೆಬಿ 2024ರಲ್ಲಿ ಹೇಳಿತು. ವರ್ಷವರ್ಷವೂ ಕಳಕೊಂಡವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಅದನ್ನೇ ಮುಂದುವರಿಸಿದರು. ಇದಕ್ಕೆಲ್ಲ ಡೋಪಮೈನೇ ಕಾರಣ ಅನ್ನಲಾಗದು. ಸಾಲ, ಹಟ, ಗೆಳೆಯರ ಸ್ಕ್ರೀನ್‌ಶಾಟು, ಎಲ್ಲವೂ ಇವೆ. ಆದರೂ ಯಾವಾಗಲೋ ಒಮ್ಮೆ, ಎಣಿಸದೇ ಬರುವ ಗೆಲುವು ಮೆದುಳಿಗೆ ಎಂಥ ಗುರು ಅಂತ ಆ ಕೋತಿಗಳು ಆಗಲೇ ಹೇಳಿದ್ದವು.

ಹಾಗಂತ ‘ನಾನಲ್ಲ, ನನ್ನ ಡೋಪಮೈನ್’ ಅನ್ನೋ ವಾದ ನಿಲ್ಲುತ್ತಾ? ನಿಲ್ಲೋದಿಲ್ಲ. ಮಗುವನ್ನು ಎತ್ತಿಕೊಳ್ಳುವ ಆಸೆಯಲ್ಲೂ ಡೋಪಮೈನ್ ಇದೆ, ಕೊನೇ ಬಸ್ ಹಿಡಿಯುವ ಓಟದಲ್ಲೂ ಇದೆ. ಎಲ್ಲದರಲ್ಲೂ ಇರುವುದು ಯಾವುದಕ್ಕೂ ನೆಪವಾಗಲ್ಲ. ಆ ರೋಗಿಯನ್ನು ನಾವು ಕ್ಷಮಿಸುವುದು ಡೋಪಮೈನ್ ಇತ್ತು ಅಂತಲ್ಲ. ಅವನಿಗೆ ಗೊತ್ತಿಲ್ಲದೆ ಅವನೊಳಗಿನ ತಕ್ಕಡಿಯನ್ನು ಯಾರೋ ವಾಲಿಸಿದ್ದರು ಅಂತ.

ನನಗೆ ಕಾಣುವಂತೆ ಇಲ್ಲಿನ ನೈತಿಕ ಗೆರೆ ‘ಗೊತ್ತಿತ್ತಾ’ ಎಂಬುದರಲ್ಲಿದೆ. ಒಳ್ಳೆಯ ಡಾಕ್ಟರು ಮಾತ್ರೆ ಬರೆಯುವಾಗಲೇ ಮನೆಯವರನ್ನೂ ಕೂರಿಸಿಕೊಂಡು ‘ಹೀಗಾಗಬಹುದು, ಖರ್ಚಿನ ಮೇಲೆ ಕಣ್ಣಿಡಿ’ ಅಂತಾರೆ. ಹೇಳದಿದ್ದರೆ ಹೊಣೆಯ ದೊಡ್ಡ ಪಾಲು ಅವರದ್ದೇ. ಹೇಳಿದ ಮೇಲೆ ರೋಗಿಗೂ ಒಂದು ಪಾಲು ಬಂತು: ಆಸೆಯನ್ನು ಗೆಲ್ಲುವ ಪಾಲಲ್ಲ, ‘ನನಗೆ ಆಸೆಯಾಗ್ತಿದೆ’ ಅಂತ ಬಾಯಿಬಿಡುವ ಪಾಲು, ಕಾರ್ಡನ್ನು ಮಗಳ ಕೈಗೆ ಕೊಡುವ ಪಾಲು. ಹಾಗೆ ಕೊಟ್ಟವನನ್ನು ಮನಸ್ಸು ಗಟ್ಟಿಯಿಲ್ಲದವನು ಅಂತ ಯಾರೂ ಆಡಿಕೊಳ್ಳಲ್ಲ. ಆಪ್ ಅಳಿಸಿಹಾಕಿದವರನ್ನು ಮಾತ್ರ ಯಾಕೆ ಆಡಿಕೊಳ್ತೀವಿ?

ಇದೇ ಅಳತೆಗೋಲಿನಲ್ಲಿ ಇನ್ನೊಬ್ಬರನ್ನೂ ಅಳೆಯಬೇಕು. ಯಾವ ಬಣ್ಣ, ಯಾವ ಸದ್ದು, ಎಷ್ಟು ಹೊತ್ತಿಗೊಂದು ಗೆಲುವು ಇಟ್ಟರೆ ಬೆರಳು ಮತ್ತೆ ಬರುತ್ತೆ ಅಂತ ಅಳೆದು ತೂಗಿ ಆಪ್ ಕಟ್ಟುವವರು. ಬಳಸುವವನಿಗಿಂತ ಅವರಿಗೆ ಹೆಚ್ಚು ಗೊತ್ತು, ಹಾಗಾಗಿ ಅವರ ಪಾಲೂ ಹೆಚ್ಚು. ಈ ಪುಟ ಓದುವವರಲ್ಲಿ ಆ ಕೆಲಸ ಮಾಡುವವರೂ ಇರಬಹುದು. ಮುಂದಿನ ಮೀಟಿಂಗ್‌ನಲ್ಲಿ ‘ಎಂಗೇಜ್‌ಮೆಂಟ್’ ಅನ್ನೋ ಪದ ಬಂದಾಗ, ನಾವು ಬರೆದುಕೊಡ್ತಿರೋ ಮಾತ್ರೆ ಏನು ಮಾಡುತ್ತೆ ಅಂತ ರೋಗಿಗೆ ಹೇಳಿದ್ದೀವಾ ಅಂತ ಒಮ್ಮೆ ಕೇಳಿ.