ಅರ್ಥ ಒಂದಾದರೆ ವಸ್ತುವೂ ಒಂದಾಗಬೇಕೆ?

ಕಾಗಿಣಾ ಹೊಳೆ ಇದೆ. ಶಹಾಬಾದಿನ ಫರಸಿ ಇದೆ. ದೇವರಿದ್ದಾನೆ. ಈ ಮೂರೂ ಮಾತಿನಲ್ಲಿ ಇರುವಿಕೆಗೆ ಒಂದೇ ಅರ್ಥವೇ, ಅಥವಾ ಪ್ರತಿಯೊಂದಕ್ಕೂ ಬೇರೆಯೇ? ಇಸ್ಲಾಮೀ ತತ್ತ್ವಶಾಸ್ತ್ರ ‘ವುಜೂದ್’ ಎಂದು ಕರೆಯುವ ಇರುವಿಕೆಯ ಈ ವಾದ ಬಾಗ್ದಾದು, ಇಸ್ಫಹಾನುಗಳಲ್ಲೇ ಮುಗಿಯಲಿಲ್ಲ. ಆರು ನೂರು ವರ್ಷಗಳ ಹಿಂದೆ ಕಲಬುರಗಿಯಲ್ಲೂ ಅದರ ಬಿಸಿ ಇತ್ತು.

ಅರ್ಥ ಒಂದೇ ಎನ್ನುವವರು ತತ್ತ್ವಜ್ಞ ಇಬ್ನ್ ಸೀನಾನ (980–1037) ಹಾದಿಯವರು. ಅವರ ತರ್ಕ ಸರಳ. ಏನೋ ಒಂದು ಇದೆ ಎಂಬುದು ನಮಗೆ ಖಾತ್ರಿಯಾಗಿದೆ ಎನ್ನೋಣ. ಅದು ದ್ರವ್ಯವೋ ಗುಣವೋ ಎಂಬ ನಮ್ಮ ತೀರ್ಮಾನ ಹತ್ತು ಸಲ ಬದಲಾದರೂ ಆ ಖಾತ್ರಿ ಕದಲುವುದಿಲ್ಲ. ಇರುವಿಕೆಯ ಅರ್ಥ ವಸ್ತುವಿನಿಂದ ವಸ್ತುವಿಗೆ ಬದಲಾಗುವಂತಿದ್ದರೆ ಅದೂ ಕದಲಬೇಕಿತ್ತು.

ಇಬ್ನ್ ಸೀನಾಗಿಂತ ಮೊದಲೇ ಆಗಿಹೋದ ಮತತತ್ತ್ವಜ್ಞ ಅಬುಲ್ ಹಸನ್ ಅಲ್ ಅಶ್ಅರಿಯ ದಾರಿ ಬೇರೆ. ಪ್ರತಿ ವಸ್ತುವಿನ ಇರುವಿಕೆಯೂ ಆ ವಸ್ತುವೇ. ಎಲ್ಲಕ್ಕೂ ಸಮಾನವಾದದ್ದು ಹೆಸರು ಮಾತ್ರ ಎಂಬುದು ಅವನ ನಿಲುವು. ಇದರ ಹಿಂದೊಂದು ಆತಂಕವನ್ನು ಊಹಿಸಬಹುದು: ಅರ್ಥ ಒಂದೇ ಎಂದರೆ ಸೃಷ್ಟಿಕರ್ತನನ್ನೂ ಸೃಷ್ಟಿಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದಂತಾಗದೇ?

ಇಂಥದೇ ನಿಲುವು ಕಲಬುರಗಿಯ ನೆರೆಯಲ್ಲೂ ಸಿಗುತ್ತದೆ: ದ್ವೈತದ ಟೀಕಾಚಾರ್ಯ ಜಯತೀರ್ಥರ ಸ್ಮರಣೆಗೆ ಹೆಸರಾದ ಮಳಖೇಡ ಸೇಡಂ ತಾಲ್ಲೂಕಿನಲ್ಲಿದೆ. ಅವರ ದ್ವೈತವೂ ಹಲವು ವಸ್ತುಗಳಲ್ಲಿ ವ್ಯಾಪಿಸಿದ ಒಂದೇ ‘ಜಾತಿ’ಯನ್ನು ಒಪ್ಪುವುದಿಲ್ಲ, ಪ್ರತಿಯೊಂದರ ಸತ್ತೆಯೂ, ಅಂದರೆ ಇರುವಿಕೆಯೂ, ಅದರದ್ದೇ. ಆದರೆ ಅದೇ ದ್ವೈತ, ದೇವರಂತೆ ಜಗತ್ತೂ ಸತ್ಯ ಎಂದು ಪಟ್ಟು ಹಿಡಿಯುತ್ತದೆ. ಎರಡು ಕಡೆಯೂ ಸತ್ಯಕ್ಕೆ ಒಂದೇ ಅರ್ಥವಿಲ್ಲದಿದ್ದರೆ ಆ ಪಟ್ಟಿಗೆ ಬಲವೆಲ್ಲಿ? ಭೇದವಾದಿಗೂ ಸಮಾನವಾದ ಅರ್ಥ ಬೇಕು.

ಇನ್ನೊಂದು ತುದಿಯಲ್ಲಿ ಸೂಫಿ ಚಿಂತಕ ಇಬ್ನ್ ಅರಬಿಯ (1165–1240) ಅನುಯಾಯಿಗಳಿದ್ದಾರೆ. ನಿಜವಾದ ಇರುವಿಕೆ ಒಂದೇ, ಅದು ದೇವರದು. ಉಳಿದದ್ದೆಲ್ಲ ಅದರ ತೋರ್ಕೆ ಎಂಬುದು ಅವರ ‘ವಹ್ದತುಲ್ ವುಜೂದ್’. 1400ರ ಸುಮಾರಿಗೆ ಕಲಬುರಗಿಗೆ ಬಂದು 1422ರಲ್ಲಿ ಅಲ್ಲೇ ತೀರಿಕೊಂಡ ಖ್ವಾಜಾ ಬಂದೇನವಾಜ್ ಗೇಸುದರಾಜರು ಇದನ್ನು ಕಟುವಾಗಿ ವಿರೋಧಿಸಿದರು. ಸೂಫಿಯಾಗಿದ್ದೂ ಸೃಷ್ಟಿ, ಸೃಷ್ಟಿಕರ್ತರ ನಡುವಿನ ಅಂತರವನ್ನು ಅವರು ಬಿಟ್ಟುಕೊಡಲಿಲ್ಲ.

ಹಾಗಾದರೆ ಅವರು ಅಶ್ಅರಿಯ ಹಾಗೆ ಅರ್ಥವನ್ನೂ ಒಡೆಯಬೇಕಿತ್ತೆ? ಬೇಕಿರಲಿಲ್ಲ, ಇನ್ನೊಂದು ದಾರಿಯೂ ಹತ್ತಿರದಲ್ಲೇ ಇತ್ತು. ಕಲಬುರಗಿಯ ಆಗಿನ ಬಹಮನಿ ಸುಲ್ತಾನ ಫಿರೋಜ್ ಷಾನ ಗುರು ಮೀರ್ ಫಜಲುಲ್ಲಾ ಇಂಜು, ಮತತತ್ತ್ವಜ್ಞ ತಫ್ತಾಜಾನಿಯ ಶಿಷ್ಯನೆಂದು ಇತಿಹಾಸಕಾರ ಫಿರಿಷ್ತಾ ಬರೆಯುತ್ತಾನೆ. ಆ ತಫ್ತಾಜಾನಿ ಇರುವಿಕೆಯ ಅರ್ಥ ಸಮಾನವೆಂದು ವಾದಿಸಿದ; ಇರುವುದೆಲ್ಲ ಒಂದೇ ಎಂಬುದನ್ನು ಮಾತ್ರ ಖಂಡಿಸಿದ. ಅರ್ಥದ ಏಕತೆಯಿಂದ ವಸ್ತುವಿನ ಏಕತೆಗೆ ಜಿಗಿಯುವುದೇ ಇಲ್ಲಿನ ತಪ್ಪು. ಅಶ್ಅರಿ ಆ ಜಿಗಿತಕ್ಕೆ ಹೆದರಿ ಅರ್ಥವನ್ನೇ ಕೈಬಿಟ್ಟಂತಿದೆ.

ಮುಂದೆ ತತ್ತ್ವಜ್ಞ ಮುಲ್ಲಾ ಸದ್ರಾ (ಮರಣ ಸುಮಾರು 1640) ಬೆಳಕಿನ ಹೋಲಿಕೆಯಿಂದ ಇದನ್ನು ತಿಳಿಯಾಗಿಸಿದ. ಸೂರ್ಯನದೂ ಬೆಳಕೇ, ಹಣತೆಯದೂ ಬೆಳಕೇ. ಅವುಗಳ ಅಂತರ ಇರುವುದು ತೀವ್ರತೆಯಲ್ಲಿ. ದೇವರ ಇರುವಿಕೆ ಸ್ವಂತದ್ದು, ನಮ್ಮದು ಪಡೆದದ್ದು. ಈ ಅಂತರ ದೊಡ್ಡದು. ಆದರೆ ಅದನ್ನು ಅಳೆಯಲಿಕ್ಕೂ ಎರಡಕ್ಕೂ ಸಲ್ಲುವ ಒಂದು ಅರ್ಥ ಬೇಕು.

ಅದು ಇಲ್ಲವೆಂದಾದರೆ ‘ದೇವರಿದ್ದಾನೆ’ ಎನ್ನುವ ಭಕ್ತ ಏನು ಹೇಳಿದನೆಂದು ಅವನಿಗೇ ತಿಳಿಯದು. ಇಲ್ಲವೆನ್ನುವ ನಾಸ್ತಿಕ ಏನನ್ನು ಅಲ್ಲಗಳೆದನೆಂಬುದೂ ತಿಳಿಯದು. ಇರುವಿಕೆಯ ಅರ್ಥ ಒಂದೇ, ಇರುವವು ಹಲವು. ಭಕ್ತನೂ ನಾಸ್ತಿಕನೂ ವಾದಕ್ಕೆ ಕೂರಬೇಕಾದರೆ ಇಷ್ಟನ್ನಾದರೂ ಒಪ್ಪಿ ಕೂರಬೇಕು.