ಕೊಟ್ಟದ್ದಕ್ಕಿಂತ ಕಾದದ್ದು ಮೇಲು

ಹಳೆಯ ದಾನಶಾಸನಗಳ ಕೊನೆಯ ಸಾಲುಗಳನ್ನು ಬಹಳ ಮಂದಿ ಓದದೆ ಬಿಡುತ್ತಾರೆ. ಅರಸನ ಬಿರುದು, ಕೊಟ್ಟ ಭೂಮಿಯ ಎಲ್ಲೆ, ಸಾಕ್ಷಿಗಳ ಹೆಸರು ಇವೆಲ್ಲ ಆದ ಮೇಲೆ ಬರುವ ಸಂಸ್ಕೃತ ಶ್ಲೋಕಗಳು ಕಲ್ಲಿಂದ ಕಲ್ಲಿಗೆ ಹೆಚ್ಚು ಬದಲಾಗುವುದಿಲ್ಲ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಬಿದ್ದಿರುತ್ತಾನೆ ಎನ್ನುವುದು ಒಂದು. ಮುಂದೆ ಬರುವ ಅರಸರೆಲ್ಲರೂ ಈ ಧರ್ಮವನ್ನು ಕಾಪಾಡಿರಿ ಎಂದು ರಾಮಚಂದ್ರ ಮತ್ತೆ ಮತ್ತೆ ಬೇಡಿಕೊಳ್ಳುವುದು ಇನ್ನೊಂದು. ಶಾಪ ಮತ್ತು ಬೇಡಿಕೆಗಳ ನಡುವೆ ಸದ್ದಿಲ್ಲದೆ ನಿಂತಿರುವ ಮೂರನೆಯ ಮಾತೊಂದಿದೆ. ಅದರ ಭಾವ ಇಷ್ಟು: ಕೊಡುವುದು, ಕೊಟ್ಟದ್ದನ್ನು ಕಾಯುವುದು ಈ ಎರಡರಲ್ಲಿ ಕಾಯುವುದೇ ಮೇಲು, ಕೊಟ್ಟವನಿಗೆ ಸ್ವರ್ಗ ಸಿಕ್ಕೀತು, ಕಾದವನಿಗೆ ಎಂದೂ ಜಾರದ ಪದವಿ.

ದಾನ ಕೊಡುವ ಅರಸನೇ ತನ್ನ ಖರ್ಚಿನಲ್ಲಿ ಕೆತ್ತಿಸುವ ಕಲ್ಲಿನ ಮೇಲೆ, ನನಗಿಂತ ನನ್ನ ನಂತರ ಬರುವವನು ದೊಡ್ಡವನು ಎಂದು ಬರೆಸುವುದು ಸಣ್ಣ ಮಾತಲ್ಲ. ಅದರಲ್ಲಿ ವಿನಯಕ್ಕಿಂತ ಹೆಚ್ಚಾಗಿ ಅನುಭವ ಇದೆ ಎಂದು ನನಗೆ ಅನ್ನಿಸುತ್ತದೆ. ಕಟ್ಟುವುದಕ್ಕೆ ಒಂದು ಉತ್ಸಾಹ ಸಾಕು, ಒಂದು ಬೊಕ್ಕಸ ಸಾಕು. ಕಾಯುವುದಕ್ಕೆ ತಲೆಮಾರುಗಳು ಬೇಕು.

ಈ ಮಾತು ಚಿತ್ರದುರ್ಗದ ಸೀಮೆಯಲ್ಲಿ ಸಲೀಸಾಗಿ ಅರ್ಥವಾಗುತ್ತದೆ. ಇಲ್ಲಿನ ಆಕಾಶ ಕೈ ಬಿಗಿಹಿಡಿದದ್ದು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆಯಾದರೆ ಒಳ್ಳೆಯ ವರ್ಷ. ಹಿರಿಯೂರಿನ ಕಡೆಗೆ ಅಷ್ಟೂ ಇಲ್ಲ. ಬಿದ್ದ ನೀರನ್ನು ಹಿಡಿದಿಟ್ಟರೆ ಮಾತ್ರ ಊರು. ಹಾಗಾಗಿ ಈ ನೆಲದ ಬಹು ಹಳೆಯ ಬರಹವೊಂದು ಕೆರೆಯ ಬಗ್ಗೆಯೇ ಇದೆ. ಕೋಟೆಯ ಬೆಟ್ಟದ ಹಿಂದಿನ ಚಂದ್ರವಳ್ಳಿಯಲ್ಲಿ, ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ, ಕದಂಬ ವಂಶದ ಮಯೂರಶರ್ಮನ ಪುಟ್ಟ ಪ್ರಾಕೃತ ಶಾಸನವಿದೆ. ನಾಲ್ಕನೆಯ ಶತಮಾನದ್ದು. ಅದರಲ್ಲಿ ಬರುವ ಸೋತ ಅರಸರ ಪಟ್ಟಿಯನ್ನು ಹೇಗೆ ಓದಬೇಕು ಎಂಬುದರಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಕೆರೆಯ ಸುದ್ದಿ ಮಾತ್ರ ಆರಂಭದಲ್ಲೇ ಇದೆ. ಕರ್ನಾಟಕದ ಮೊದಲ ದೊಡ್ಡ ರಾಜವಂಶವನ್ನು ಹುಟ್ಟುಹಾಕಿದವನು ತನ್ನ ಹೆಸರಿನ ಪಕ್ಕ ಒಂದು ಕೆರೆಯನ್ನು ಇಟ್ಟುಕೊಳ್ಳಲು ಬಯಸಿದ.

ಶ್ಲೋಕ ಹೇಳುವ ಎರಡನೆಯ ಕೆಲಸವನ್ನು, ಎಂದರೆ ಕಾಯುವುದನ್ನು, ಬಿಡದೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಗುಜರಾತಿನ ಗಿರಿನಾರಿನ ತಪ್ಪಲಲ್ಲಿದ್ದ ಸುದರ್ಶನ ಕೆರೆಗಿಂತ ಉತ್ತಮ ಉದಾಹರಣೆ ನನಗೆ ಗೊತ್ತಿಲ್ಲ. ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಕಟ್ಟಿದ್ದು. ಅಶೋಕನ ಕಾಲದಲ್ಲಿ ಅದಕ್ಕೆ ಕಾಲುವೆಗಳಾದವು. ಸುಮಾರು ಕ್ರಿ.ಶ. 150ರಲ್ಲಿ ಬಿರುಮಳೆಗೆ ಏರಿ ಒಡೆದಾಗ ಕ್ಷತ್ರಪ ರುದ್ರದಾಮನ, ಜನರ ಮೇಲೆ ಹೊಸ ತೆರಿಗೆ ಹೊರಿಸದೆ, ತನ್ನ ಬೊಕ್ಕಸದಿಂದಲೇ ದುರಸ್ತಿ ಮಾಡಿಸಿದ. ಐದನೆಯ ಶತಮಾನದಲ್ಲಿ ಮತ್ತೆ ಒಡೆಯಿತು. ಸ್ಕಂದಗುಪ್ತನ ಅಧಿಕಾರಿಗಳು ಮತ್ತೆ ಕಟ್ಟಿದರು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮೂರು ವಂಶದವರು ಒಂದೇ ನೀರನ್ನು ಏಳು ಶತಮಾನ ನೋಡಿಕೊಂಡರು.

ನಮ್ಮ ಕಡೆ ಈ ಕಾಯುವಿಕೆಗೆ ಊರಿನ ಮಟ್ಟದಲ್ಲೇ ಏರ್ಪಾಟಿತ್ತು. ಕೆರೆಯೆಂದರೆ ನೀರು ನಿಂತ ತಗ್ಗಷ್ಟೇ ಆಗಿರಲಿಲ್ಲ; ಏರಿ, ತೂಬು, ಕೋಡಿ, ಅಚ್ಚುಕಟ್ಟು, ಮೇಲಿನಿಂದ ನೀರು ತರುವ ಹಳ್ಳ ಎಲ್ಲ ಸೇರಿ ಕೆರೆ. ಇದರಲ್ಲಿ ಒಂದು ಕೆಟ್ಟರೂ ಉಳಿದವು ಕೆಡುತ್ತವೆ. ಕಟ್ಟುಕೊಡಗಿ, ಬಿತ್ತುವಟ್ಟ ಎಂದು ಶಾಸನಗಳಲ್ಲಿ ಬರುವ ಭೂಮಿಗಳು ಕೆರೆಯ ಕೆಲಸಕ್ಕೆಂದೇ ಬಿಟ್ಟವು. ಹೂಳು ಹೊರುವ ಬಂಡಿಗೂ ಅದನ್ನು ಎಳೆಯುವ ಎತ್ತು ಕೋಣಗಳಿಗೂ ದತ್ತಿ ಕೊಟ್ಟದ್ದುಂಟು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಂಗಳದ ಗೋಡುಮಣ್ಣು ಹೊಲಕ್ಕೆ ಹೋಗುತ್ತಿತ್ತು. ಹೊಲಕ್ಕೆ ಸಾರ ಸಿಕ್ಕಿತು, ಕೆರೆಗೆ ಜಾಗ ಸಿಕ್ಕಿತು. ನೀರು ಬಿಡುವ, ತೂಬು ಮುಚ್ಚುವ, ಮಳೆಗಾಲದ ರಾತ್ರಿ ಏರಿಯ ಮೇಲೆ ಓಡಾಡಿ ಬಿಲ ಬಿರುಕು ನೋಡುವ ಕೆಲಸ ನೀರುಗಂಟಿಯದು. ಸುಗ್ಗಿಯಲ್ಲಿ ಕಣದಲ್ಲೇ ಅವನ ಪಾಲಿನ ಕಾಳು ಅಳೆದು ಕೊಡುತ್ತಿದ್ದರು.

ಇಲ್ಲಿ ಶ್ಲೋಕದೊಂದಿಗೆ ಒಂದು ಜಗಳ ಆಡಲೇಬೇಕು. ಕಾದವನಿಗೆ ಜಾರದ ಪದವಿ ಎಂದು ಕಲ್ಲು ಹೇಳುತ್ತದೆ. ಆದರೆ ಆ ಮಾತಿನ ಮನಸ್ಸಿನಲ್ಲಿದ್ದ ಕಾವಲುಗಾರ ಮುಂದಿನ ಅರಸ. ನಿಜಕ್ಕೂ ಕಾದವರು ಬೇರೆ. ನೀರುಗಂಟಿಗಳು ಎಷ್ಟೋ ಊರುಗಳಲ್ಲಿ ದಲಿತ ಮನೆತನದವರು; ಹೂಳು ಹೊತ್ತವರು, ಏರಿಗೆ ಮಣ್ಣು ಹಾಕಿದವರು ಬಡ ಗಂಡಸರು ಹೆಂಗಸರು. ಅದೇ ಕೆರೆಯ ನೀರಿನಿಂದ ಬೆಳೆದ ಗದ್ದೆಯ ಅಕ್ಕಿ ನೈವೇದ್ಯವಾಗುವ ಗುಡಿಯೊಳಗೆ ಅವರು ಕಾಲಿಡುವಂತಿರಲಿಲ್ಲ. ಅವರ ಹೆಸರು ಕಲ್ಲುಗಳಲ್ಲಿ ಸಿಗುವುದು ಅಪರೂಪ. ಶ್ಲೋಕವನ್ನು ಅದರ ಮಾತಿನ ತೂಕಕ್ಕೆ ತಕ್ಕಂತೆ ಓದುವುದಾದರೆ, ಆ ಪದವಿಗೆ ಮೊದಲ ಹಕ್ಕುದಾರರು ಅವರೇ.

ಕಾಯುವುದು ಎಂದರೇನು ಎಂಬ ಪ್ರಶ್ನೆಗೆ ಮತ್ತೋಡಿನಿಂದ ಒಂದು ಉತ್ತರ ಸಿಗುತ್ತದೆ. ಹೊಸದುರ್ಗ ತಾಲ್ಲೂಕಿನ ಈ ಹೋಬಳಿ ಕೇಂದ್ರ ಒಂದು ಕಾಲಕ್ಕೆ ಪಾಳೆಯಗಾರರ ಊರು. ಅದಕ್ಕಿಂತ ಹೆಚ್ಚಾಗಿ ಅದು ಬಳೆಯ ಊರು. ಟಿಪ್ಪು ಸತ್ತ ಮೇಲೆ, 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಗೂ ಬಂದು, ಊರಗೋಡೆಯ ಒಳಬದಿಗೆ ಆನಿಸಿ ಕಟ್ಟಿದ ಜಗಲಿಯಲ್ಲಿದ್ದ ಕುಲುಮೆಗಳನ್ನು ನೋಡಿ ಬರೆದಿಟ್ಟ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಹೀಗೆ ಐದು ಬಣ್ಣದ ಗಾಜು; ಕಪ್ಪು ಮತ್ತು ಹಸಿರಿಗೆ ಹೆಚ್ಚು ಗಿರಾಕಿ. ಗಾಜಿಗೆ ಬೇಕಾದದ್ದು ಬಹುಪಾಲು ಸುತ್ತಲ ನೆಲದಲ್ಲೇ ಸಿಗುತ್ತಿತ್ತು. ಸೌಳು ಮಣ್ಣಿನಿಂದ ತೆಗೆದ ಕ್ಷಾರ, ಬಿಳಿ ಬೆಣಚುಕಲ್ಲಿನ ಪುಡಿ, ಬೆಂಕಿ.

ಸೌಳು ಎಂದರೆ ರೈತನಿಗೆ ಶತ್ರು. ಆ ನೆಲದಲ್ಲಿ ಪೈರು ಏಳುವುದಿಲ್ಲ. ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಏಳುವ ಆ ಹುಡಿಯನ್ನು ಮತ್ತೋಡಿನವರು ಕೆರೆದು ತಂದು, ನೀರಲ್ಲಿ ಕದಡಿ, ಕ್ಷಾರ ಬೇರ್ಪಡಿಸಿ, ಕಲ್ಲಿನ ಪುಡಿಯೊಂದಿಗೆ ಕರಗಿಸಿ ಹೆಣ್ಣುಮಕ್ಕಳ ಕೈಗೆ ಬಳೆ ಮಾಡಿದರು. ಬರಡು ನೆಲವನ್ನು ನೋಡಿ ಇದರಲ್ಲಿ ಹಸಿರು ಬಳೆ ಇದೆ ಎಂದುಕೊಂಡ ಕಣ್ಣು ಯಾರದೋ. ಲೋಕವನ್ನು ಚಂದ ಮಾಡುವುದು ಎಂದರೆ ಇದೇ ಎಂದು ನನಗೆ ಅನ್ನಿಸುತ್ತದೆ: ಇರುವ ಊರಿನ ಇರುವ ಮಣ್ಣನ್ನು, ಅದು ಕೆಟ್ಟದ್ದೆಂದು ಬಿಟ್ಟುಬಿಡದೆ, ತಿಳಿದುಕೊಳ್ಳುವುದು.

ಆ ಕುಲುಮೆಗಳು ಆರಿ ಬಹಳ ಕಾಲವಾಯಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೇ ಈ ಕಸುಬು ಇಳಿಮುಖವಾಗಿತ್ತು. ಆಮೇಲೆ ಫಿರೋಜಾಬಾದಿನ ಬಳೆ ನಾಡಿನ ಸಂತೆಸಂತೆಗೂ ಬಂತು. ಮತ್ತೋಡಿನ ಸೌಳು ಎಲ್ಲಿಗೂ ಹೋಗಲಿಲ್ಲ, ಬೆಣಚುಕಲ್ಲು ಹೋಗಲಿಲ್ಲ. ಹೋದದ್ದು ಮತ್ತೋಡಿನದೇ ಬಳೆ ಬೇಕು ಎಂದು ಚಾಚುತ್ತಿದ್ದ ಕೈ. ಕೊಳ್ಳುವವರಿಲ್ಲದೆ ಕುಲುಮೆ ಇಲ್ಲ, ಕುಲುಮೆ ಇಲ್ಲದೆ ಮಗನಿಗೆ ಕಲಿಸುವುದು ಏನನ್ನು? ಅಲ್ಲಿಂದ ಶ್ಲೋಕಕ್ಕೆ ಮರಳಿದರೆ ಅದು ಹೇಳುವ ಪಾಲನೆಯ, ಎಂದರೆ ಕಾಯುವಿಕೆಯ, ಅರ್ಥ ಹಿಗ್ಗುತ್ತದೆ. ಬೇಲಿ ಹಾಕಿ ಕೂರುವುದು ಪಾಲನೆಯ ಒಂದು ಚೂರು ಮಾತ್ರ. ಬಳಸುವುದು, ಸವಿಯುವುದು, ನನಗಿದು ಬೇಕು ಎನ್ನುವುದು ಅದರ ದೊಡ್ಡ ಭಾಗ. ಯಾರೂ ತೊಡದ ಬಳೆಯನ್ನು ಯಾವ ಶಾಸನವೂ ಉಳಿಸಲಾರದು.

ಕೆರೆಗಳ ಕಥೆಯೂ ಇದೇ. ಬೋರ್‌ವೆಲ್ ಬಂದ ಮೇಲೆ ಅಡಿಕೆ ತೋಟದವನಿಗೆ, ದಾಳಿಂಬೆ ಇಟ್ಟವನಿಗೆ ಕೆರೆಯ ನೆನಪು ಕಡಿಮೆಯಾಯಿತು. ಮನೆಗೆ ನಲ್ಲಿ ಬಂತು, ಬಟ್ಟೆ ಒಗೆಯಲು ಏರಿ ಹತ್ತುವವರು ಕಡಿಮೆಯಾದರು, ಈಜು ಕಲಿಯುವ ಹುಡುಗರು ಇಲ್ಲವಾದರು. ನೋಡುವ ಕಣ್ಣು ತಪ್ಪಿದ ಮೇಲೆ ಕೋಡಿಯಲ್ಲಿ ಜಾಲಿ ಬೆಳೆಯಿತು, ಹಳ್ಳದ ದಾರಿ ಒತ್ತುವರಿಯಾಯಿತು. ರಾಜ್ಯದ ಸುಮಾರು 36 ಸಾವಿರ ಕೆರೆಗಳಲ್ಲಿ ಬಹಳಷ್ಟಕ್ಕೆ ಇದೇ ಗತಿ. ಆಮೇಲೆ ಬೋರ್‌ವೆಲ್ಲೂ ಬತ್ತಿತು, ಏಕೆಂದರೆ ಅದಕ್ಕೆ ನೀರು ಇಳಿಸುತ್ತಿದ್ದದ್ದು ಕೆರೆಯೇ.

ವಾಣಿವಿಲಾಸ ಸಾಗರದ ವಿಷಯ ಬೇರೆ, ಅದು ಕೆರೆಗಿಂತ ದೊಡ್ಡದು. ಆದರೂ ಈ ಸೀಮೆಯವರು ಅದನ್ನು ಕೆರೆಯಂತೆಯೇ ಪ್ರೀತಿಸುತ್ತಾರೆ. ಹೊಸದುರ್ಗದ ಕಡೆಯಿಂದ ಇಳಿದು ಬರುವ ವೇದಾವತಿಯನ್ನು ಮಾರಿಕಣಿವೆಯ ಎರಡು ಗುಡ್ಡಗಳ ನಡುವೆ ತಡೆದು, 1898ರಿಂದ 1907ರವರೆಗೆ ಕಲ್ಲು ಗಾರೆಯಲ್ಲಿ ಕಟ್ಟಿದ್ದು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ವಾಣಿವಿಲಾಸ ಎಂಬ ಬಿರುದೇ ಅದರ ಹೆಸರು. ಮೂವತ್ತು ಟಿಎಂಸಿ ನೀರು ಹಿಡಿಯುತ್ತದೆ, 130 ಅಡಿಗೆ ತುಂಬುತ್ತದೆ. ತುಂಬಿ ಕೋಡಿ ಬಿದ್ದದ್ದು ಮೊದಲು 1933ರಲ್ಲಿ. ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್ ಬರಬೇಕಾಯಿತು. ನಡುವೆ 89 ವರ್ಷ. ಆ ಅವಧಿಯಲ್ಲಿ ಕಟ್ಟೆಯ ತಳ ಕಂಡ ವರ್ಷಗಳೂ ಇದ್ದವು, ಹಿರಿಯೂರು ಬಯಲಿನಲ್ಲಿ ಒಣಗಿದ ತೆಂಗನ್ನು ಕಡಿದುಹಾಕಿದ ವರ್ಷಗಳೂ ಇದ್ದವು. ಭದ್ರೆಯ ನೀರು ಇಲ್ಲಿಗೂ ಬರಬೇಕೆಂದು ಈ ಭಾಗದ ರೈತರು ದೀರ್ಘಕಾಲ ಹೋರಾಡಿದರು, ಕೊನೆಗೆ ಅದು ಹರಿಯಿತು. ಅಂಥ ಹೋರಾಟವನ್ನೂ ನಾನು ಪಾಲನೆಯ ಲೆಕ್ಕಕ್ಕೇ ಸೇರಿಸುತ್ತೇನೆ. ನೂರು ವರ್ಷದ ಕಟ್ಟೆಗೆ ಅವರು ತಮ್ಮ ಪಾಲಿನ ಮಣ್ಣು ಹಾಕಿದ್ದಾರೆ.

2022ರಲ್ಲಿ ಕೋಡಿ ಬಿದ್ದಾಗ ಜನ ಎಲ್ಲೆಲ್ಲಿಂದಲೋ ಬಂದರು. ಅಜ್ಜಂದಿರು ಹೇಳಿದ್ದನ್ನು ಕೇಳಿದ್ದವರು ಕಣ್ಣಾರೆ ನೋಡಲು ಬಂದರು. ಹಿನ್ನೀರಿನಲ್ಲಿ ಹೊಸದುರ್ಗದ ಕಡೆಯ ತೋಟಗಳು ಮುಳುಗಿದ ಸಂಕಟವೂ ಅದರೊಂದಿಗೇ ಬಂತು. ಒಬ್ಬರ ಸಂಭ್ರಮದ ನೀರು ಇನ್ನೊಬ್ಬರ ತೆಂಗಿನ ಬುಡದಲ್ಲಿ ನಿಂತಿತ್ತು. ಅದನ್ನು ಮರೆತು ಸಂಭ್ರಮವನ್ನಷ್ಟೇ ಬರೆಯುವುದು ಸರಿಯಲ್ಲ. 2025ರ ಜನವರಿಯಲ್ಲಿ ಮೂರನೆಯ ಸಲ ತುಂಬಿ ಹರಿಯಿತು.

ಕೆರೆ ತುಂಬಿದಾಗ ಬಾಗಿನ ಕೊಡುವುದು ನಮ್ಮ ಪದ್ಧತಿ. ಮೊರದಲ್ಲಿ ಅರಿಶಿನ, ಕುಂಕುಮ, ಕಾಳು, ಬೆಲ್ಲ, ರವಿಕೆ ಕಣ, ಹಸಿರು ಗಾಜಿನ ಬಳೆ. ಊರಿನ ಹೆಣ್ಣುಮಗಳಿಗೆ ಕೊಡುವುದನ್ನೇ ಗಂಗೆಗೂ ಕೊಡುತ್ತಾರೆ. ಮತ್ತೋಡಿನ ಕುಲುಮೆ ಉರಿಯುತ್ತಿದ್ದ ದಿನಗಳಲ್ಲಿ, ಬೆಳೆ ಬಾರದ ನೆಲದ ಸೌಳು ಬಳೆಯಾಗಿ ಹೀಗೆ ಎಷ್ಟು ಕೆರೆಗಳಿಗೆ ಹಿಂತಿರುಗಿತ್ತೋ. ಈಗ ಬಾಗಿನದ ಮೊರವನ್ನು ಹೆಚ್ಚಾಗಿ ಗಣ್ಯರು ಬಿಡುತ್ತಾರೆ, ಫೋಟೊ ತೆಗೆಯುತ್ತಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ. ತುಂಬಿದ ನೀರನ್ನು ನೋಡಿ ಊರು ಸೇರುತ್ತದಲ್ಲ, ಆ ಸೇರುವಿಕೆಯಿಂದಲೇ ಮುಂದಿನ ಬೇಸಿಗೆಯ ಹೂಳಿನ ಕೆಲಸಕ್ಕೆ ಜನ ಸಿಗಬೇಕು. ತೆಪ್ಪೋತ್ಸವ ಮಾಡುವ ಊರಿನವರು ತೆಪ್ಪ ತೇಲುವಷ್ಟು ನೀರಿಗಾದರೂ ಕೆರೆಯತ್ತ ನೋಡುತ್ತಾರೆ.

ಸಂತೋಷವೇ ಕಾವಲಾಗುವುದಕ್ಕೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯೂ ಸಾಕ್ಷಿ. ಪಂಡಿತಾರಾಧ್ಯ ಸ್ವಾಮಿಗಳು ಅಲ್ಲಿ ರಂಗಶಾಲೆ ಕಟ್ಟಿದರು. 1997ರಿಂದ ಶಿವಸಂಚಾರ ತಂಡ ವರ್ಷವರ್ಷವೂ ಹೊಸ ನಾಟಕ ಹೊತ್ತು ನಾಡು ತಿರುಗುತ್ತದೆ. ನವೆಂಬರ್ ಬಂದರೆ ಬಯಲು ರಂಗಮಂದಿರದಲ್ಲಿ ನಾಟಕೋತ್ಸವ. ಒಂದು ರಂಗಮಂದಿರ ಕಟ್ಟಿ ಬೀಗ ಹಾಕಿಟ್ಟ ಊರುಗಳು ನಮ್ಮಲ್ಲಿ ಕಡಿಮೆಯಿಲ್ಲ. ಸಾಣೇಹಳ್ಳಿಯ ರಂಗ ಉಳಿದಿರುವುದು ಸುತ್ತಲ ಹಳ್ಳಿಗಳ ರೈತರು ಸಂಜೆ ಬಂದು ಕಲ್ಲಿನ ಮೆಟ್ಟಿಲ ಮೇಲೆ ಕೂರುವುದರಿಂದ.

ಕೆರೆಗಳಿಗಾಗಿ ಹೊಸ ಪ್ರಯತ್ನಗಳೂ ನಡೆದಿವೆ. 2002ರ ಜಲಸಂವರ್ಧನೆ ಯೋಜನೆಯಲ್ಲಿ ಚಿತ್ರದುರ್ಗವೂ ಇತ್ತು. ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿ ಊರಿನವರ ಕೈಗೇ ಕೆರೆ ಕೊಡುವುದು ಅದರ ಉದ್ದೇಶವಾಗಿತ್ತು. ಸಿರಿಗೆರೆ ಮಠದ ಒತ್ತಾಸೆಯಿಂದ ತುಂಗಭದ್ರೆಯ ನೀರನ್ನು ಎತ್ತಿ ತಂದು, ಪಾಳೆಯಗಾರ ಭರಮಣ್ಣನಾಯಕ ಕಟ್ಟಿಸಿದ ಭರಮಸಾಗರದ ಕೆರೆಗೆ 2021ರಲ್ಲಿ ಹರಿಸಲಾಯಿತು. ದೂರದ ನದಿಯಿಂದ ಪೈಪಿನಲ್ಲಿ ಬರುವ ನೀರು ದಾನ. ಅದು ಬಂದೇ ಬರುತ್ತದೆಂದು ಮೇಲಿನ ಹಳ್ಳದ ಒತ್ತುವರಿಯನ್ನು ಹಾಗೇ ಬಿಟ್ಟರೆ ಪಾಲನೆ ಎಲ್ಲಿಯದು? ಪಂಪು ನಿಂತ ವರ್ಷ ಕೆರೆಗೆ ಆಸರೆ ಅದರದೇ ಹಳ್ಳ.

ಆ ಹಳ್ಳ ಬಿಡಿಸುವುದಕ್ಕೆ ಸರ್ವೆ ನಕ್ಷೆ ಬೇಕು, ತಹಶೀಲ್ದಾರರ ಕಚೇರಿಗೆ ಓಡಾಡುವವರು ಬೇಕು, ನೆರೆಹೊಲದವನ ಮುನಿಸು ತಡೆದುಕೊಳ್ಳುವ ಎದೆ ಬೇಕು. ಹೂಳು ತೆಗೆಯುವಾಗ ಜೆಸಿಬಿಯವನು ಒಂದೇ ಕಡೆ ಬಾವಿಯಷ್ಟು ಆಳ ತೋಡದಂತೆ, ಅಂಗಳವನ್ನು ಸಮನಾಗಿ ಕೆರೆಯುವಂತೆ ಪಕ್ಕದಲ್ಲಿ ನಿಂತು ನೋಡಿಕೊಳ್ಳುವವರು ಬೇಕು. ತೆಗೆದ ಗೋಡು ಇಟ್ಟಿಗೆ ಗೂಡಿಗೆ ಹೋಗದೆ ಹೊಲಕ್ಕೆ ಹೋಗುವಂತೆ ಮಾಡಬೇಕು. ಮುಂಗಾರಿಗೆ ಮೊದಲು ತೂಬಿನ ಬಾಯಿ ಬಿಡಿಸಿ, ಕೋಡಿಯ ಜಾಲಿ ಕಡಿದು, ಏರಿಯ ಬಿಲ ಮುಚ್ಚಬೇಕು. ಇದಕ್ಕೆಲ್ಲ ಏಪ್ರಿಲ್ ಮೇ ತಿಂಗಳಲ್ಲಿ, ಕೆರೆಯ ಅಂಗಳ ಬಿರುಕು ಬಿಟ್ಟಿರುವಾಗಲೇ ಕೈ ಹಾಕಬೇಕು.